ಕಾರಿನ ಐಬು, ಮಾರುವವನ ಬಾಯಿ

ಕೆ.ಆರ್.ಪೇಟೆ ತಾಲೂಕಿನ ಹೇಮಗಿರಿ, ಪಾಂಡವಪುರ ತಾಲೂಕಿನ ಬೇಬಿ ಬೆಟ್ಟ. ಈ ಎರಡೂ ಕಡೆ ವರ್ಷಕ್ಕೊಮ್ಮೆ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಹೋರಿಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಕೊನೆಗೆ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ.

ಈಗ ಆ ರೈತನ ಮಗ ಕಾರು ಕೊಳ್ಳಲು ಬರುತ್ತಾನೆ. ಕಾರಿಗೆ ಹಲ್ಲಿಲ್ಲ. ಮೀಟರ್ ಇದೆ, ಆದರೆ ಅದನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಬಾನೆಟ್ ಎತ್ತಿದರೆ ಅರ್ಧ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕೊಳ್ಳುವವನು ಕೊನೆಗೆ ನೋಡುವುದು ಮಾರುವವನ ಮುಖ, ಕೇಳುವುದು ಒಂದೇ ಪ್ರಶ್ನೆ: "ಗಾಡಿ ಹೆಂಗೈತೆ?" ಆ ಪ್ರಶ್ನೆಗೆ ನಾವು ಒಮ್ಮೆ ಕೊಟ್ಟ ಉತ್ತರದ ಕಥೆ ಇದು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳಿದರೆ ಇನ್ನೊಬ್ಬರಿಗೆ ಪಾಠವಾದೀತು ಅಂತ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಕಡೆ ಮದ್ರಸದಲ್ಲಿ ಕಲಿಸುತ್ತಿದ್ದ ನಾವು ಮೂವರು ಉಸ್ತಾದರು ಸೇರಿ ಒಂದು ಹಳೇ ಓಮ್ನಿ ಇಟ್ಟುಕೊಂಡಿದ್ದೆವು. ರಜೆಗೆ ಕರಾವಳಿಯ ಊರಿಗೆ ಹೋಗಿ ಬರಲು ಅದೇ ಆಸರೆ. ಒಮ್ಮೆ ಊರಿಂದ ವಾಪಸ್ ಬರುವಾಗ ಶಿರಾಡಿ ಘಾಟಿ ಏರುತ್ತಿದ್ದಂತೆ ಬಿಸಿಯ ಮುಳ್ಳು ಮೇಲೆ ಹೋಯಿತು. ನಿಲ್ಲಿಸಿ, ಆರಿಸಿ, ನೀರು ಹಾಕಿ, ಹೇಗೋ ಹಾಸನ, ಚನ್ನರಾಯಪಟ್ಟಣ, ಕಿಕ್ಕೇರಿ ದಾಟಿ ಕೆ.ಆರ್.ಪೇಟೆ ತಲುಪಿದೆವು. ಅಲ್ಲಿನ ಮೆಕ್ಯಾನಿಕ್ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗೋಕೆ ಶುರುವಾಗಿದೆ, ಈಗ್ಲೇ ಬಿಚ್ಚಿಸಿ" ಅಂದರು. ಖರ್ಚು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ದಾರಿಯಲ್ಲೇ ತೀರ್ಮಾನವಾಯಿತು: ರಿಪೇರಿ ಬೇಡ, ಮಾರಿಬಿಡೋಣ.

ಪಾಂಡವಪುರದ ಒಬ್ಬ ಬ್ರೋಕರ್ ಗಾಡಿ ನೋಡಿದರು. "ವಾಟರ್ ವಾಶ್ ಮಾಡ್ಸಿ, ಪಾಲಿಶ್ ಹಾಕ್ಸಿ, ಸೀಟ್ ಕವರ್ ಹೊಸದು ಹಾಕ್ಸಿ. ನೀರಿನ ವಿಷ್ಯ ಎತ್ಬೇಡಿ ಸಾಬ್ರೇ" ಅಂದರು. ಹಾಗೇ ಮಾಡಿದೆವು. ನಾಗಮಂಗಲ ಕಡೆಯ ಒಬ್ಬ ಹುಡುಗ ಬಂದ. ಜೊತೆಗೆ ಮೆಕ್ಯಾನಿಕ್ ಇರಲಿಲ್ಲ. ನಮ್ಮ ಟೋಪಿ, ಗಡ್ಡ ನೋಡಿ, "ನೀವು ಮಕ್ಳಿಗೆ ಓದ್ಸೋರು, ನಿಮ್ ಮಾತೇ ಸಾಕು ಬಿಡಿ. ಗಾಡಿ ಹೆಂಗೈತೆ ಗುರುಗಳೇ?" ಅಂದ. "ಏನೂ ತೊಂದರೆ ಇಲ್ಲ" ಅಂದೆವು. ಮೂರೇ ಪದ. ಅದೂ ಮಗ್ರಿಬ್ ಬಾಂಗಿಗೆ ಸ್ವಲ್ಪ ಮೊದಲು.

ಮೂರು ವಾರ ಕಳೆದಿರಲಿಲ್ಲ. ರಾತ್ರಿ ಫೋನ್ ಬಂತು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಬೆಳ್ಳೂರು ಕ್ರಾಸ್ ಹತ್ತಿರ ಗಾಡಿ ಹೊಗೆ ಎದ್ದು ನಿಂತಿತ್ತು. ಯಾರದೋ ಗೂಡ್ಸ್ ಆಟೋದಲ್ಲಿ ತಾಯಿಯನ್ನು ಸಾಗಿಸಿದ್ದ. ಆಕೆ ಬದುಕಿದರು, ಅಲ್‌ಹಮ್ದುಲಿಲ್ಲಾಹ್. ಹುಡುಗ ಬೈಯಲಿಲ್ಲ. ಇಷ್ಟೇ ಕೇಳಿದ: "ಹೇಳಿದ್ರೆ ಒಂದೈದು ಸಾವ್ರ ಕಮ್ಮಿ ಕೊಟ್ಟು ರಿಪೇರಿ ಮಾಡಿಸ್ಕೊಳ್ತಿದ್ದೆ. ಯಾಕ್ ಗುರುಗಳೇ ಹೇಳ್ಲಿಲ್ಲ?" ಆ ಪ್ರಶ್ನೆಗೆ ನಮ್ಮಲ್ಲಿ ಮೂವರಿಗೂ ಉತ್ತರ ಇರಲಿಲ್ಲ.

ಯಾಕೆಂದರೆ ಉತ್ತರವನ್ನು ನಾವೇ ದಿನಾ ಮಕ್ಕಳಿಗೆ ಓದಿಸುತ್ತಿದ್ದೆವು. ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆಂದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಎಚ್ಚರಿಕೆ ಬಂದದ್ದು ಅದೇ ಸಂದರ್ಭದಲ್ಲಿ. ಗಮನಿಸಿ, ಧಾನ್ಯ ನೆಂದದ್ದು ಆ ವ್ಯಾಪಾರಿಯ ತಪ್ಪಲ್ಲ. ಒಣಗಿದ್ದನ್ನು ಮೇಲೆ ಹರಡಿದ್ದು ತಪ್ಪು. ಕಾರು ಕೆಡುವುದೂ ಹಾಗೇ, ಯಂತ್ರ ಅಂದಮೇಲೆ ಕೆಡುತ್ತದೆ. ಕೆಟ್ಟದ್ದರ ಮೇಲೆ ಪಾಲಿಶ್ ಹಚ್ಚುವುದು ಮಾತ್ರ ನಮ್ಮ ಕೈಯ ಕೆಲಸ.

ಇನ್ನೊಂದು ಹದೀಸ್ ಈ ಜಾತ್ರೆಗಳ ನಾಡಿಗೆ ಇನ್ನೂ ಹತ್ತಿರದ್ದು. ಮಾರುವ ಮುಂಚೆ ಒಂಟೆಯನ್ನೋ ಆಡನ್ನೋ ಕೆಲವು ದಿನ ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿ(ಸ) ನಿಷೇಧಿಸಿದರು. ಹಾಗೆ ಮೋಸ ಹೋದವನಿಗೆ ಪ್ರಾಣಿಯನ್ನು ಇಟ್ಟುಕೊಳ್ಳುವ ಅಥವಾ ಹಿಂದಿರುಗಿಸುವ ಆಯ್ಕೆ ಕೊಟ್ಟರು. ಮಾರುವ ವಾರದಲ್ಲಿ ಮಾತ್ರ ಕಾರನ್ನು ತೊಳೆದು, ದಪ್ಪ ಆಯಿಲ್ ಸುರಿದು ಎಂಜಿನ್ ಸದ್ದು ಅಡಗಿಸುವುದು ಕರೆಯದೆ ಬಿಟ್ಟ ಕೆಚ್ಚಲಲ್ಲದೆ ಇನ್ನೇನು?

ನಮ್ಮ ದರ್ಸ್‌ಗಳಲ್ಲಿ ಓದಿಸುವ ಫತ್ಹುಲ್ ಮುಈನ್‌ನಂತಹ ಶಾಫಿಈ ಫಿಕ್ಹ್ ಗ್ರಂಥಗಳಲ್ಲಿ 'ಖಿಯಾರುಲ್ ಐಬ್' ಎಂಬ ಭಾಗವಿದೆ. ನಾವು ಕನ್ನಡದಲ್ಲಿ ಹೇಳುವ 'ಐಬು' ಅದೇ ಅರಬಿ ಪದ. ಕೈಗೆ ಬರುವ ಮೊದಲೇ ಇದ್ದ, ಬೆಲೆ ಕುಗ್ಗಿಸುವ ಐಬು ಕಂಡುಬಂದರೆ ಕೊಂಡವನು ವಸ್ತುವನ್ನು ಹಿಂದಿರುಗಿಸಬಹುದು, ಆದರೆ ಕಂಡ ಕೂಡಲೇ ತಡಮಾಡದೆ ಹೇಳಬೇಕು. "ಇದ್ದಂಗೆ ತಗೊಳ್ಳಿ, ಆಮೇಲೆ ನಮ್ಮನ್ನು ಕೇಳ್ಬೇಡಿ" ಎಂಬ ಮಾತು ಗೊತ್ತಿದ್ದೂ ಮುಚ್ಚಿಟ್ಟ ಐಬಿಗೆ ರಕ್ಷಣೆಯಲ್ಲ. ಐಬು ಗೊತ್ತಿರುವ ಮೂರನೆಯವನೂ ಕೊಳ್ಳುವವನಿಗೆ ತಿಳಿಸಬೇಕು ಎಂದು ವಿದ್ವಾಂಸರು ಹೇಳಿದ್ದಾರೆ. ಅಂದರೆ ಬ್ರೋಕರೂ ಮೆಕ್ಯಾನಿಕ್ಕೂ ಇದರಿಂದ ಹೊರಗಿಲ್ಲ. ದೇಶದ ಕಾನೂನಿನಲ್ಲೂ, 1872ರ ಕರಾರು ಕಾಯ್ದೆಯ ಪ್ರಕಾರ, ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದು ವಂಚನೆಯೇ.

"ಎಲ್ಲಾ ಹೇಳಿದ್ರೆ ರೇಟ್ ಬಿದ್ದೋಗುತ್ತಲ್ಲಾ ಉಸ್ತಾದ್?" ಅಂತ ಕೇಳುವವರಿದ್ದಾರೆ. ಇದಕ್ಕೆ ಉತ್ತರ ಮಾರುವ ದಿನ ಸಿಗುವುದಿಲ್ಲ, ಕೊಂಡ ದಿನದಿಂದ ಶುರುವಾಗುತ್ತದೆ. ಬೆಲೆ ಬೀಳುವುದಂತೂ ಖಚಿತ. ವಿಮೆಯ ಲೆಕ್ಕದಲ್ಲಿ ಹೊಸ ಕಾರಿನ ಮೌಲ್ಯಕ್ಕೆ 6 ತಿಂಗಳವರೆಗೆ ಶೇ. 5, 1 ವರ್ಷದವರೆಗೆ ಶೇ. 15, 2 ವರ್ಷದವರೆಗೆ ಶೇ. 20, 3ರವರೆಗೆ ಶೇ. 30, 4ರವರೆಗೆ ಶೇ. 40, 5ರವರೆಗೆ ಶೇ. 50 ಕಡಿತ. ಇದು ವಯಸ್ಸಿನ ಕಡಿತ, ಯಾರೂ ತಪ್ಪಿಸಲಾರರು. ಆದರೆ ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳ ನಡುವೆ ಸಂತೆಯಲ್ಲಿ ಬರುವ ಬೆಲೆಯ ವ್ಯತ್ಯಾಸ ಇದೆಯಲ್ಲಾ, ಅದು ನಿರ್ವಹಣೆಯದ್ದು.

ಆ ನಿರ್ವಹಣೆ ದೊಡ್ಡ ವಿದ್ಯೆಯೇನಲ್ಲ. ಬಹುತೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಬೇಕು. "ಈ ವರ್ಷ ಮೂರು ಸಾವಿರವೇ ಓಡಿದ್ದು" ಅಂತ ಬಿಡುವುದು ತಪ್ಪು, ನಿಂತ ಗಾಡಿಯಲ್ಲೂ ಆಯಿಲ್ ಹಳತಾಗುತ್ತದೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಅದನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಶಿರಾಡಿ, ಚಾರ್ಮಾಡಿ ಇಳಿಯುವ ನಮ್ಮವರು ಇದನ್ನು ಮರೆಯಲೇಬಾರದು. ರೇಡಿಯೇಟರಿಗೆ ಬೋರಿನ ನೀರಲ್ಲ, ಕೂಲೆಂಟ್ ಹಾಕಬೇಕು. ಟೈರಿನ ಗೆರೆ 1.6 ಮಿ.ಮೀ.ಗಿಂತ ಸವೆದರೆ ಆ ಟೈರ್ ಮುಗಿಯಿತು. ಇಷ್ಟು ಮಾಡಿಸಿ, ಪ್ರತಿಯೊಂದರ ಬಿಲ್ಲನ್ನು ಒಂದು ಕವರಿನಲ್ಲಿ ತೆಗೆದಿಡಿ. ಮಾರುವ ದಿನ ಮಾತಾಡಬೇಕಾದದ್ದು ನಾವಲ್ಲ, ಆ ಕವರ್.

ಕಾರು ನಮ್ಮ ಬಳಿ ಇರುವಷ್ಟು ದಿನ ಅದು ಅಮಾನತ್ ಎಂದು ನಾವು ಈಗ ತಿಳಿಯುತ್ತೇವೆ. ಅದರಲ್ಲಿ ನಮ್ಮ ಹೆಂಡತಿ ಮಕ್ಕಳು ಕೂರುತ್ತಾರೆ, ರಸ್ತೆಯಲ್ಲಿ ಅದರ ಎದುರಿಗೆ ಬೇರೆಯವರ ಮಕ್ಕಳು ನಡೆಯುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರ ರಸ್ತೆಯಲ್ಲಿ ದೀಪವಿಲ್ಲದ ಎತ್ತಿನ ಗಾಡಿ, ಟ್ರ್ಯಾಕ್ಟರ್ ರಾತ್ರಿ ಎದುರಾಗುತ್ತವೆ. ಅಲ್ಲಿ ಬ್ರೇಕು ಹಿಡಿಯಬೇಕು, ಹೆಡ್‌ಲೈಟ್ ಸರಿ ಇರಬೇಕು. ನಾಳೆ ಕೊಳ್ಳುವವನ ತಾಯಿಯೂ ಅದೇ ಸೀಟಿನಲ್ಲಿ ಕೂರುವವಳು.

ಇನ್ನು ಕರಾವಳಿಯ ಕಾರುಗಳ ವಿಷಯ. ಕೆಎ 19ರ ಎಷ್ಟೋ ಕಾರುಗಳು ಘಟ್ಟ ಹತ್ತಿ ಈ ಕಡೆ ಮಾರಾಟವಾಗುತ್ತವೆ. ಕಡಲ ಗಾಳಿಯ ಉಪ್ಪು, ಆರು ತಿಂಗಳ ಮಳೆ ಎರಡೂ ಸೇರಿ ಅಡಿಭಾಗಕ್ಕೆ ತುಕ್ಕು ಹಿಡಿಸುತ್ತವೆ. ಮೇಲೆ ಕಪ್ಪು ಬಣ್ಣ ಬಳಿದರೆ ಬಯಲುಸೀಮೆಯವನಿಗೆ ಅದು ಕಾಣುವುದಿಲ್ಲ. ನೆರೆಯಲ್ಲಿ ಮುಳುಗಿದ ಕಾರೂ ಹಾಗೇ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ಬೇಸ್‌ಮೆಂಟುಗಳಲ್ಲಿ ನಿಂತ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಇಂಥ ಕಾರು ಮಾರುವವರು ಒಂದು ಮಾತು ಹೇಳಿಬಿಡಲಿ. ಕೊಳ್ಳುವವರು ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಸೀಟಿನ ಅಡಿ ತುಕ್ಕು, ಮುಗ್ಗಲು ವಾಸನೆ ಇದೆಯೇ ನೋಡಲಿ.

ಮೀಟರ್ ನಂಬಬೇಕೋ ಬೇಡವೋ ಎಂಬುದಕ್ಕೂ ಗುರುತುಗಳಿವೆ. ಮೀಟರ್ 30,000 ತೋರಿಸುತ್ತಾ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ, ಸ್ಟೇರಿಂಗ್ ಹೊಳೆಯುತ್ತಿದ್ದರೆ ಅನುಮಾನಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ಆಯಾ ದಿನದ ಕಿ.ಮೀ. ಬರೆದಿರುತ್ತದೆ. ಇವೇ ಕಾರಿನ ಹಲ್ಲು.

ಕಾಗದ ಸರಿ ಇಡುವುದೂ ನಿರ್ವಹಣೆಯೇ. ಕಾರು ಮಾರಿ ದುಡ್ಡು ಎಣಿಸಿಕೊಂಡು, ಆರ್.ಸಿ.ಯನ್ನು ನಮ್ಮ ಹೆಸರಲ್ಲೇ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಮೋಟಾರು ವಾಹನ ಕಾಯ್ದೆಯಂತೆ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಫಾರಂ 29, 30 ಅದಕ್ಕೇ ಇರುವುದು. ಕಾರು ಕೈಯಿಂದ ಕೈಗೆ ದಾಟಿದ್ದರೂ ಅಪಘಾತವಾದಾಗ ದಾಖಲೆಯಲ್ಲಿ ಹೆಸರಿರುವವನೇ ಮಾಲಕ, ಪರಿಹಾರದ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸಾಲ ತೀರಿದ ಮೇಲೆ ಆರ್.ಸಿ.ಯಿಂದ ಬ್ಯಾಂಕಿನ ಹೆಸರು ತೆಗೆಸಿ. ವಿಮೆಯ ನೋ ಕ್ಲೈಮ್ ಬೋನಸ್ ಕಾರಿನದ್ದಲ್ಲ, ಮಾಲಕನದ್ದು. ಅದನ್ನು ಕಾರಿನ ಜೊತೆ ಮಾರಲು ಬರುವುದಿಲ್ಲ, ಹಿಂದಿನವನ ಬೋನಸ್ಸನ್ನು ಸುಳ್ಳು ಹೇಳಿ ಪಡೆಯುವುದೂ ಸಲ್ಲದು.

ಕೊಳ್ಳುವವನಿಗೂ ಒಂದು ಮಾತು. ಪ್ರಾಮಾಣಿಕನೊಬ್ಬ ಐಬು ಬಿಚ್ಚಿ ಹೇಳಿದ ಎಂದು, ಅದನ್ನೇ ಹಿಡಿದು ಹತ್ತು ಸಾವಿರದ ರಿಪೇರಿಗೆ ನಲ್ವತ್ತು ಸಾವಿರ ಕತ್ತರಿಸುವುದೂ ಅನ್ಯಾಯ. ಹಾಗೆ ಮಾಡಿದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ. ತಾನು ಅಳೆದುಕೊಳ್ಳುವಾಗ ತುಂಬ, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಕುರ್‌ಆನ್‌ನಲ್ಲಿ ಒಂದು ಸೂರಾದ ಆರಂಭವೇ ಇದೆ. ಅಳತೆ ಇಬ್ಬರಿಗೂ ಒಂದೇ. ಇಬ್ಬರೂ ಸತ್ಯ ಹೇಳಿ ವಿವರಿಸಿದರೆ ವ್ಯಾಪಾರದಲ್ಲಿ ಬರ್ಕತ್ ಇದೆ, ಮುಚ್ಚಿಟ್ಟರೆ ಆ ಬರ್ಕತ್ ಅಳಿಸಿಹೋಗುತ್ತದೆ ಎಂಬುದು ಪ್ರವಾದಿ(ಸ) ಅವರ ಬೋಧನೆ.

ನಮ್ಮ ಓಮ್ನಿಗೆ ಏನಾಯಿತು? ಮರುದಿನವೇ ನಾವು ಮೂವರೂ ನಾಗಮಂಗಲಕ್ಕೆ ಹೋದೆವು. ಗಾಡಿ ವಾಪಸ್ ಕೊಡಿ, ದುಡ್ಡು ಪೂರ್ತಿ ಕೊಡುತ್ತೇವೆ ಅಂದೆವು. ಹುಡುಗ ಒಪ್ಪಲಿಲ್ಲ, "ಗಾಡಿ ಬೇಕು, ಸರಿ ಮಾಡ್ಸಿ ಸಾಕು" ಅಂದ. ರಿಪೇರಿಯ ಪೂರ್ತಿ ಖರ್ಚು ನಾವು ಕೊಟ್ಟೆವು. ಮೊದಲೇ ಮಾಡಿಸಿದ್ದರೆ ಆಗುತ್ತಿದ್ದಕ್ಕಿಂತ ಹೆಚ್ಚೇ ಆಯಿತು, ಬಿಸಿಗೆ ಹೆಡ್ ಕೂಡ ಬಾಗಿತ್ತು. ಅವನ ತಾಯಿ ನಮಗೆ ಕಾಫಿ ಕೊಟ್ಟರು. ಆ ಲೋಟ ಹಿಡಿದುಕೊಳ್ಳಲು ಕೈ ನಡುಗಿತು.

ವರ್ಷಗಳ ಮೇಲೆ ಅವನೇ ಫೋನ್ ಮಾಡಿದ. ಓಮ್ನಿ ಮಾರಿದನಂತೆ. ಕೊಂಡ ಬೆಲೆಗಿಂತ ಸ್ವಲ್ಪವೇ ಕಮ್ಮಿಗೆ ಹೋಯಿತಂತೆ. "ಗ್ಯಾಸ್ಕೆಟ್ ಬಿಲ್ಲಿಂದ ಹಿಡ್ದು ಎಲ್ಲಾ ಬಿಲ್ಲೂ ಕೊಟ್ಟೆ ಗುರುಗಳೇ. ಒಂದ್ಸಲ ಹೊಗೆ ಎದ್ದಿತ್ತು ಅಂತ್ಲೂ ಹೇಳ್ದೆ" ಅಂದ. ನಾವು ಹೇಳದೇ ಉಳಿದ ಮಾತನ್ನು ಕೊನೆಗೆ ಅವನೇ ಹೇಳಿದ್ದ.