ಮಗುವಿಗೆ ಅರಗದ ಸಕ್ಕರೆ

ತುಂಗಭದ್ರೆಯ ದಂಡೆಯ ಐರಣಿ, ಮೆಡ್ಲೇರಿ ಕಡೆಯ ಕುರಿಗಾರರಿಗೆ ಒಂದು ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಗಿಣ್ಣದ ಹಾಲು ಬೇಗ ಹೊಟ್ಟೆಗೆ ಬೀಳದ ಮರಿ ಉಳಿಯುವುದು ಕಷ್ಟ. ಇದಕ್ಕೆ ಜೀವವಿಜ್ಞಾನದಲ್ಲಿ ಸ್ಪಷ್ಟ ಕಾರಣವಿದೆ. ಕುರಿಯ ಮಾಸು ತಾಯಿಯ ರಕ್ತದ ಪ್ರತಿಕಾಯಗಳನ್ನು ಮರಿಗೆ ದಾಟಿಸುವುದಿಲ್ಲ. ಅವೆಲ್ಲ ಗಿಣ್ಣದಲ್ಲೇ ಬರಬೇಕು, ಅದೂ ಮರಿಯ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳಬಲ್ಲ ಮೊದಲ ದಿನದೊಳಗೇ ಬರಬೇಕು. ಮನುಷ್ಯರಲ್ಲಿ ಹಾಗಲ್ಲ. ಬಸುರಿಯ ಕೊನೆಯ ತಿಂಗಳುಗಳಲ್ಲಿ ಪ್ರತಿಕಾಯಗಳು ಮಾಸಿನ ಮೂಲಕವೇ ಮಗುವಿನ ರಕ್ತ ಸೇರಿರುತ್ತವೆ. ಹಾಗಾದರೆ ಬಾಣಂತಿಯ ಮೊದಲ ಹಾಲಿಗೆ ಅಂಥ ಮಹತ್ವವೇನೂ ಇಲ್ಲ ಎಂದು ಯಾರಾದರೂ ವಾದಿಸಬಹುದು. ಎಷ್ಟೋ ಮನೆಗಳಲ್ಲಿ ವಾದವೇ ಇಲ್ಲದೆ ಹಾಗೆ ನಡೆದುಕೊಂಡದ್ದೂ ಉಂಟು: ಹಳದಿಯಾಗಿದೆ, ಅಂಟಂಟಾಗಿದೆ ಎಂದು ಅದನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಇಟ್ಟರು. (ಆಕಳ ಗಿಣ್ಣಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚುವುದೂ ಅದೇ ಮನೆಗಳೇ.)

ಆ ವಾದ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಎದೆಹಾಲಿನಲ್ಲಿ ಏನೇನಿದೆ ಎಂದು ನೋಡಬೇಕು. ಅದರ ಘನಪದಾರ್ಥದಲ್ಲಿ ಮೊದಲ ಸ್ಥಾನ ಲ್ಯಾಕ್ಟೋಸ್ ಎಂಬ ಸಕ್ಕರೆಗೆ, ಎರಡನೆಯದು ಕೊಬ್ಬಿಗೆ. ಮೂರನೆಯದು ಆಲಿಗೋಸ್ಯಾಕರೈಡ್ ಎಂಬ, ಕೆಲವೇ ಕೊಂಡಿಗಳ ಸಕ್ಕರೆ ಸರಪಳಿಗಳ ಗುಂಪಿಗೆ. ಲೀಟರಿಗೆ 5ರಿಂದ 15 ಗ್ರಾಮಿನಷ್ಟು ಇರುವ ಇವು ಮೊದಲ ದಿನಗಳ ಹಾಲಿನಲ್ಲಿ ಇನ್ನೂ ಹೆಚ್ಚು. ಇವುಗಳ ನೂರೈವತ್ತಕ್ಕೂ ಮಿಕ್ಕಿ ಬಗೆಗಳನ್ನು ಗುರುತಿಸಲಾಗಿದೆ. ವಿಚಿತ್ರವೆಂದರೆ ಮಗುವಿಗೆ ಇವು ಅರಗುವುದಿಲ್ಲ. ಈ ಕೊಂಡಿಗಳನ್ನು ಕತ್ತರಿಸುವ ಕಿಣ್ವ ಮಗುವಿನಲ್ಲಿಲ್ಲ, ಹಾಗಾಗಿ ಬಹುಪಾಲು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಹೆರಿಗೆಯಲ್ಲಿ ಹಣ್ಣಾದ ತಾಯಿಯ ದೇಹ ತನ್ನದೇ ಶಕ್ತಿ ಸುರಿದು, ಕೂಸು ಉಣ್ಣಲಾಗದ ಊಟವನ್ನು ದಿನವೂ ಯಾಕೆ ತಯಾರಿಸಬೇಕು?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಪ್ಯಾರಿಸಿನಲ್ಲಿ. ಪಾಸ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ 1899ರಲ್ಲಿ ಎದೆಹಾಲುಣ್ಣುವ ಶಿಶುಗಳ ಮಲದಲ್ಲಿ ಕವಲೊಡೆದ ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡ. ಅದೇ ಇಂದಿನ ಬೈಫಿಡೋಬ್ಯಾಕ್ಟೀರಿಯಂ. ಗಂಟು ಪೂರ್ತಿ ಬಿಚ್ಚಿಕೊಳ್ಳಲು ಒಂದು ಶತಮಾನವೇ ಬೇಕಾಯಿತು. ಅದರ ಒಂದು ಬಗೆಯಾದ ಇನ್ಫ್ಯಾಂಟಿಸ್‌ನ ಇಡೀ ತಳಿನಕ್ಷೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ತಂಡ 2008ರಲ್ಲಿ ಪ್ರಕಟಿಸಿದಾಗ, ಎದೆಹಾಲಿನ ಇದೇ ಸರಪಳಿಗಳನ್ನು ಹಿಡಿದು, ಒಳಗೆಳೆದು, ಕತ್ತರಿಸಲು ಬೇಕಾದ ಜೀನುಗಳ ಗೊಂಚಲೇ ಅದರಲ್ಲಿ ಕಂಡಿತು. ಸಕ್ಕರೆ ಉಂಡ ಈ ಬ್ಯಾಕ್ಟೀರಿಯಾ ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಕರುಳು ಹುಳಿಯಾಗುತ್ತದೆ, ಆ ಹುಳಿಯಲ್ಲಿ ಭೇದಿ ತರುವ ಎಷ್ಟೋ ರೋಗಾಣುಗಳಿಗೆ ಬಾಳುವೆ ಇಲ್ಲ. ಹೆಪ್ಪು ಬಿದ್ದ ಮೊಸರು ಹಸಿ ಹಾಲಿನಷ್ಟು ಬೇಗ ಕೆಡದಿರುವುದಕ್ಕೂ ಕಾರಣ ಇದೇ. ಎಂದರೆ ಹಾಲೂಡಿಸುವ ತಾಯಿ ಕೂಸಿನ ಜೊತೆಗೆ ಅದರ ಕರುಳ ಕಾವಲಿಗೂ ಊಟ ಹಾಕುತ್ತಿದ್ದಾಳೆ. ಮನುಷ್ಯರ ಸಂತಾನೋತ್ಪತ್ತಿಯನ್ನು ಗಂಡು, ಹೆಣ್ಣು, ಮಗು ಎಂಬ ಮೂವರ ವ್ಯವಹಾರವೆಂದು ಪಠ್ಯಪುಸ್ತಕ ಬರೆಯುತ್ತದೆ. ಈ ಸಕ್ಕರೆಯನ್ನು ನೋಡಿದರೆ ಆ ಲೆಕ್ಕ ಅಪೂರ್ಣ ಎನ್ನಬೇಕಾಗುತ್ತದೆ.

ಬಸುರಿನ ಕಾಲದಲ್ಲೂ ಇದಕ್ಕೆ ಪುರಾವೆ ಇದೆ. ಈಸ್ಟ್ರೋಜನ್ ಏರಿದಂತೆ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ತುಂಬುತ್ತದೆ, ಅದನ್ನು ನೆಚ್ಚಿದ ಲ್ಯಾಕ್ಟೋಬ್ಯಾಸಿಲಸ್‌ಗಳು ಆಮ್ಲ ಉಂಟುಮಾಡಿ ಸೋಂಕು ಮೇಲೇರದಂತೆ ತಡೆಯುತ್ತವೆ. ಜರ್ಮನಿಯ ಡೋಡರ್‌ಲೈನ್ ಇವನ್ನು ವಿವರಿಸಿದ್ದು 1892ರಲ್ಲಿ. ಆದರೆ ಉತ್ಸಾಹಕ್ಕೂ ಮಿತಿ ಬೇಕು. ಮಾಸಿನಲ್ಲೇ ಸೂಕ್ಷ್ಮಜೀವಿಗಳ ವಸತಿ ಇದೆ ಎಂದು 2014ರಲ್ಲಿ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಕೇಂಬ್ರಿಜ್ ತಂಡ ಐನೂರಕ್ಕೂ ಹೆಚ್ಚು ಹೆರಿಗೆಗಳ ಮಾಸುಗಳನ್ನು ಪರೀಕ್ಷಿಸಿದಾಗ, ಸಿಕ್ಕ ಕುರುಹುಗಳಲ್ಲಿ ಬಹುಪಾಲು ಪ್ರಯೋಗಾಲಯದ ಸಾಮಗ್ರಿಯಿಂದಲೋ ಹೆರಿಗೆಯ ಹೊತ್ತಿನಲ್ಲೋ ಅಂಟಿದ್ದವೆಂದು ತಿಳಿಯಿತು.

ಇಲ್ಲೇ ಇನ್ನೊಂದು ಆಕ್ಷೇಪ ಏಳುತ್ತದೆ. ಸಿಸೇರಿಯನ್ ಆದರೆ, ಹುಟ್ಟುವ ದಾರಿಯಲ್ಲಿ ತಾಯಿಯಿಂದ ಸಿಗುವ ಸೂಕ್ಷ್ಮಜೀವಿಗಳ ಬಳುವಳಿಯನ್ನು ಮಗು ಕಳೆದುಕೊಂಡಂತೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ, ಒಟ್ಟು ಹೆರಿಗೆಗಳಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಸಿಸೇರಿಯನ್. ಹಾಗಾಗಿ ಪ್ರಶ್ನೆ ಸಣ್ಣದಲ್ಲ. ಬ್ರಿಟನ್ನಿನಲ್ಲಿ 596 ಶಿಶುಗಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ವಾರಗಳ ವ್ಯತ್ಯಾಸ ನಿಚ್ಚಳವಾಗಿತ್ತು. ಸಿಸೇರಿಯನ್ ಮಕ್ಕಳ ಕರುಳಲ್ಲಿ ಆಸ್ಪತ್ರೆಯ ವಾತಾವರಣದ ಬ್ಯಾಕ್ಟೀರಿಯಾ ಹೆಚ್ಚಿದ್ದವು. ತಿಂಗಳುಗಳು ಕಳೆದಂತೆ ಆ ಅಂತರ ಬಹುಮಟ್ಟಿಗೆ ಕಿರಿದಾಯಿತು. ಸಹಜ ಹೆರಿಗೆಯಲ್ಲಿ ಮಗುವಿಗೆ ಮುಖ್ಯವಾಗಿ ದಾಟುವುದು ತಾಯಿಯ ಕರುಳಿನ ಜೀವಿಗಳೇ ಹೊರತು ಯೋನಿಯವಲ್ಲ ಎಂಬುದೂ ಅದರಲ್ಲಿ ಕಂಡಿತು. ಆದ್ದರಿಂದ ಜನನದ ದಾರಿಯೊಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನಲಾಗದು, ಪ್ರಾಣ ಉಳಿಸಿದ ಶಸ್ತ್ರಕ್ರಿಯೆಗಾಗಿ ತಾಯಿಯನ್ನು ಚುಚ್ಚುವುದಂತೂ ಅನ್ಯಾಯ. ನನ್ನ ಪ್ರಕಾರ ಚಿಂತೆ ಮಾಡಬೇಕಾದ ಅಂಕಿ ಬೇರೆಯೇ ಇದೆ. ಅದೇ ಸಮೀಕ್ಷೆಯಂತೆ ಹುಟ್ಟಿದ ತಾಸಿನೊಳಗೆ ಮೊಲೆಹಾಲು ಸಿಗುವುದು ನಮ್ಮ ಸುಮಾರು ಅರ್ಧದಷ್ಟು ಕೂಸುಗಳಿಗೆ ಮಾತ್ರ. ಬೇಗ ಹಾಲೂಡಿಸುವುದು ಸಿಸೇರಿಯನ್ ತಾಯಿಗೂ ಸಾಧ್ಯ, ಯಾರಾದರೂ ಒತ್ತಾಸೆಯಾಗಿ ನಿಂತರೆ. ಜೇನುತುಪ್ಪ ಇಡುವುದಂತೂ ಬೇಡವೇ ಬೇಡ. ಅದರಲ್ಲಿರಬಹುದಾದ ಬಾಟುಲಿನಂ ಬೀಜಾಣು, ಕಾವಲಿಲ್ಲದ ಎಳೆಗರುಳಲ್ಲಿ ಮೊಳೆತು ನಂಜು ಬಿಡಬಲ್ಲದು.

ತಾಯಿಗೆ ಹಾಲೇ ಬಾರದಿದ್ದರೆ? ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಎದೆಹಾಲಿನ ಬ್ಯಾಂಕ್ ಆರಂಭವಾಯಿತು. ಇಂಥ ಬ್ಯಾಂಕುಗಳಲ್ಲಿ ದಾನದ ಹಾಲನ್ನು ಸಾಮಾನ್ಯವಾಗಿ 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ತಾಸು ಕಾಯಿಸುತ್ತಾರೆ. ಹಾಲಿನಲ್ಲಿದ್ದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸಕ್ಕರೆ ಸರಪಳಿಗಳು ಮಾತ್ರ ಮುಕ್ಕಾಗದೆ ಉಳಿಯುತ್ತವೆ. ಊಟ ಸಿದ್ಧವಿರುತ್ತದೆ, ಉಣ್ಣುವವರು ಬೇರೆಡೆಯಿಂದ ಬರಬೇಕು.

ಹಾಗಿದ್ದರೆ ಉಣ್ಣುವವರನ್ನೂ ಹನಿಯ ರೂಪದಲ್ಲಿ ಕೊಟ್ಟುಬಿಟ್ಟರಾಯಿತಲ್ಲ ಎಂದು ಕೇಳಬಹುದು. ಕೆಲವರಿಗೆ ಇದು ಫಲಿಸಿದೆ. ಪಿನಾಕಿ ಪಾಣಿಗ್ರಾಹಿ ತಂಡ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕಾಲ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂ ಮತ್ತು ಅದಕ್ಕೆ ಮೇವಾಗುವ ಒಂದು ಸಕ್ಕರೆ ಕೊಟ್ಟಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ರಕ್ತಕ್ಕೆ ಹರಡಿದ ಸೋಂಕು ಅಥವಾ ಸಾವು ಕಂಡವರ ಪ್ರಮಾಣ ಶೇ 9ರಿಂದ 5.4ಕ್ಕೆ ಇಳಿಯಿತು. ಆದರೆ ಅವರೆಲ್ಲ ಎರಡು ಕಿಲೋ ಮೀರಿದ, ದಿನ ತುಂಬಿದ ಅಥವಾ ಹೆಚ್ಚೂಕಡಿಮೆ ತುಂಬಿದ, ಎದೆಹಾಲು ಕುಡಿಯುತ್ತಿದ್ದ ಕೂಸುಗಳು. ದಿನ ತುಂಬದೆ ಹುಟ್ಟಿದವರಿಗೆ ಇದೇ ಲೆಕ್ಕ ಹಾಕುವಂತಿಲ್ಲ: ಅಮೆರಿಕದಲ್ಲಿ ಅಂಥ ಒಂದು ಶಿಶುವಿಗೆ ಕೊಟ್ಟ ಬ್ಯಾಕ್ಟೀರಿಯಾ ರಕ್ತಕ್ಕೆ ನುಸುಳಿ ಮಗು ಸತ್ತಿತೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ಆ ಬ್ಯಾಕ್ಟೀರಿಯಾ ಬೇರಾವುದೂ ಅಲ್ಲ, ಇನ್ಫ್ಯಾಂಟಿಸ್.