ಹ್ಯಾಮ್ ಪರೀಕ್ಷೆ ನಿಜಕ್ಕೂ ಸುಲಭವಾಯಿತೇ?

ಹ್ಯಾಮ್ ರೇಡಿಯೊ ಕೇಂದ್ರ ನಡೆಸಲು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಅದಕ್ಕೂ ಮೊದಲು ಎಎಸ್‌ಒಸಿ (ಹವ್ಯಾಸಿ ಕೇಂದ್ರ ನಿರ್ವಾಹಕರ ಪ್ರಮಾಣಪತ್ರ) ಪರೀಕ್ಷೆಯಲ್ಲಿ ಪಾಸಾಗಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಇದಕ್ಕೆ ಕೂರಬಹುದು. ಪರೀಕ್ಷೆ ಮೊದಲಿನಷ್ಟು ಕಷ್ಟವಾಗಿ ಉಳಿದಿಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ.

1978ರ ನಿಯಮಗಳ ಕಾಲದಲ್ಲಿ ನಿಜವಾದ ಅಡ್ಡಿ ಮೋರ್ಸ್, ಅಂದರೆ ಚುಕ್ಕಿ-ಗೆರೆಗಳ ನಾದಸಂಕೇತ. ಎರಡನೇ ದರ್ಜೆಗೆ ನಿಮಿಷಕ್ಕೆ 5 ಪದ, ಮೊದಲನೇ ದರ್ಜೆಗೆ 12 ಪದ. ಐದಕ್ಷರಕ್ಕೆ ಒಂದು ಪದವೆಂಬ ಲೆಕ್ಕದಲ್ಲಿ 12 ಪದವೆಂದರೆ ಸೆಕೆಂಡಿಗೆ ಒಂದಕ್ಷರ. ಆ ವೇಗದಲ್ಲಿ ಚುಕ್ಕಿ, ಗೆರೆ ಎಣಿಸಿ ಕೂರಲು ಸಮಯವಿಲ್ಲ. ನಾದ ಕಿವಿಗೆ ಬಿದ್ದೊಡನೆ ಕೈ ಅಕ್ಷರ ಬರೆಯಬೇಕು. ತಪ್ಪಿದ ಒಂದಕ್ಷರಕ್ಕಾಗಿ ತಡಕಾಡಿದರೆ ಮುಂದಿನವೂ ಕೈಬಿಟ್ಟು ಹೋಗುತ್ತವೆ. ಎಲೆಕ್ಟ್ರಾನಿಕ್ಸ್ ಎಷ್ಟೇ ಗೊತ್ತಿದ್ದರೂ ಇಲ್ಲಿ ನೆರವಿಗೆ ಬರುವುದಿಲ್ಲ. ಬೇಕಾದುದು ದಿನನಿತ್ಯದ ಸಾಧನೆ.

2003ರ ಜಿನೀವಾ ವಿಶ್ವ ರೇಡಿಯೊ ಸಮ್ಮೇಳನ ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಯಾ ದೇಶಗಳಿಗೇ ಬಿಟ್ಟಿತು. ಬ್ರಿಟನ್ ಅದೇ ವರ್ಷ, ಅಮೆರಿಕ 2007ರಲ್ಲಿ ಅದನ್ನು ಕೈಬಿಟ್ಟವು. ಭಾರತ ನಡುದಾರಿ ಹಿಡಿಯಿತು. ನಿಯಮ ತಿದ್ದುಪಡಿಯಾದ ಮೇಲೆ ಇರುವ ಎರಡು ದರ್ಜೆಗಳಲ್ಲಿ ಕೆಳಗಿನದಾದ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಇಲ್ಲ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದ, ಅಂದರೆ ಅಕ್ಷರಕ್ಕೆ ಒಂದೂವರೆ ಸೆಕೆಂಡು. ಬಾಗಿಲು ಅಗಲವಾಗಿದ್ದು ಒಳ್ಳೆಯದೇ ಆಯಿತು.

ಲಿಖಿತ ಪರೀಕ್ಷೆಯ ಕಷ್ಟ ಬರೆಯುವವರನ್ನು ಅವಲಂಬಿಸಿದೆ. ರೇಡಿಯೊ ತತ್ತ್ವ ಒಂದು ಭಾಗ, ನಿಯಮಾವಳಿ ಇನ್ನೊಂದು. ರಿಸ್ಟ್ರಿಕ್ಟೆಡ್ ದರ್ಜೆಗೆ ಪ್ರತಿ ಭಾಗದಲ್ಲೂ ಶೇ. 40, ಒಟ್ಟಾರೆ ಶೇ. 50 ಅಂಕ ಬೇಕು. ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನ ದಯಾನಂದ ಸಾಗರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿಗೆ ಓಮ್‌ನ ನಿಯಮ, ಟ್ರಾನ್ಸಿಸ್ಟರ್ ಪರಿಚಿತ ವಿಷಯಗಳು. ಅದೇ ಬಡಾವಣೆಯ ಹೈಸ್ಕೂಲು ಹುಡುಗಿಗೆ ಎಲ್ಲವೂ ಹೊಸದು. ಕ್ಯೂ ಕೋಡ್ ಎಂಬ ಮೂರಕ್ಷರದ ಸಂಕೇತಗಳು, ಲಾಗ್ ಪುಸ್ತಕ, ಅಪಾಯದ ಕರೆಗೆ ಕೊಡಬೇಕಾದ ಆದ್ಯತೆ ಇವುಗಳನ್ನು ಮಾತ್ರ ಇಬ್ಬರೂ ಮೊದಲಿನಿಂದ ಕಲಿಯಬೇಕು. ಈ ಭಾಗವನ್ನು ಸಡಿಲಿಸಬಾರದು: ಇಲ್ಲಿ ಕಲಿಯದವರಿಂದ ತೊಂದರೆಯಾಗುವುದು ಬೇರೆಯವರ ಸಂಪರ್ಕಕ್ಕೆ.

ಉತ್ತರ ಆರಿಸಿ ಗುರುತು ಹಾಕುವ ಪ್ರಶ್ನೆಗಳಾದ್ದರಿಂದ ಬಾಯಿಪಾಠದಿಂದಲೂ ಪಾಸಾಗಬಹುದು. ಆಗ ಕಷ್ಟ ತಾರಸಿಯ ಮೇಲೆ ಆಂಟೆನಾ ಕಟ್ಟುವಾಗ ಎದುರಾಗುತ್ತದೆ. 7 ಮೆಗಾಹರ್ಟ್ಸ್‌ನ ಅರ್ಧತರಂಗ ಡೈಪೋಲ್ ಆಂಟೆನಾಕ್ಕೆ ಸುಮಾರು 66 ಅಡಿ ತಂತಿ ಬೇಕು. ಬೆಂಗಳೂರಿನ 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೇ 50 ಅಡಿ. ನಡುವೆ ಕಂಬ ಎತ್ತಿ ಎರಡೂ ತೋಳುಗಳನ್ನು ಮೂಲೆಗಳತ್ತ ಇಳಿಜಾರಾಗಿ ಕಟ್ಟಬೇಕು. ತುದಿಗಳಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಅವು ಯಾರ ಕೈಗೂ ಎಟುಕಬಾರದು. ಇಲ್ಲವೇ 14 ಮೆಗಾಹರ್ಟ್ಸ್‌ಗೆ ಹೋಗಬೇಕು. ಅಲ್ಲಿ 33 ಅಡಿ ಸಾಕು. ತರಂಗದ ಉದ್ದದ ಸೂತ್ರ ಅರ್ಥವಾದವರಿಗೆ ಇದು ಒಂದು ಸಂಜೆಯ ಲೆಕ್ಕ.

ರಿಸ್ಟ್ರಿಕ್ಟೆಡ್ ದರ್ಜೆಯವರ ಕರೆಸಂಕೇತ ವಿಯು3 ಎಂದೂ ಜನರಲ್ ದರ್ಜೆಯವರದು ವಿಯು2 ಎಂದೂ ಆರಂಭವಾಗುತ್ತದೆ. ವಿಯು3 ಪಡೆದು ಪ್ರಸಾರ ಶುರುಮಾಡಿ, ಮೋರ್ಸ್ ಕೈಗೂಡಿದ ಮೇಲೆ ಜನರಲ್ ಪರೀಕ್ಷೆ ಬರೆಯುವ ದಾರಿ ಎಲ್ಲರಿಗೂ ತೆರೆದಿದೆ.