ಮುಕ್ತ ತಂತ್ರಾಂಶಗಳ ದಾಖಲೀಕರಣ

ಮುಕ್ತ ತಂತ್ರಾಂಶಗಳ ದಾಖಲೀಕರಣ ಎಂದರೆ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶವನ್ನು ಅಳವಡಿಸುವ, ಬಳಸುವ ಮತ್ತು ಮಾರ್ಪಡಿಸುವ ಬಗೆಯನ್ನು ವಿವರಿಸುವ ಬರಹಗಳನ್ನು ಸಿದ್ಧಪಡಿಸುವ ಕಾರ್ಯ. ಬಳಕೆದಾರರ ಕೈಪಿಡಿ, ಕಲಿಕೆಯ ಪಾಠಗಳು ಹಾಗೂ ಆದೇಶಗಳ ವಿವರಣೆ ಇದರಲ್ಲಿ ಸೇರುತ್ತವೆ.

ಯುನಿಕ್ಸ್‌ನ ಮೊದಲ ಕೈಪಿಡಿಯನ್ನು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1971ರ ನವೆಂಬರ್‌ನಲ್ಲಿ ಹೊರತಂದರು. ಪ್ರತಿ ಆದೇಶದ ಹೆಸರು, ಬಳಕೆಯ ರೂಪ ಮತ್ತು ವಿವರಣೆಯ ಜೊತೆಗೆ ಅದರಲ್ಲಿ ತಿಳಿದಿದ್ದ ದೋಷಗಳನ್ನೂ ಆ ಪುಟಗಳು ಹೇಳುತ್ತಿದ್ದವು. ಈ ವಿನ್ಯಾಸ ಲಿನಕ್ಸ್‌ನ 'ಮ್ಯಾನ್' ಪುಟಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಅಂತಹ ಶಿಸ್ತು ಎಲ್ಲೆಡೆ ಕಾಣುವುದಿಲ್ಲ. ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 93ರಷ್ಟು ಮಂದಿ ಅಪೂರ್ಣ ಅಥವಾ ಹಳತಾದ ದಾಖಲೆಗಳನ್ನು ಸಮಸ್ಯೆಯೆಂದು ಗುರುತಿಸಿದರು, ಕೊಡುಗೆದಾರರಲ್ಲಿ ಶೇ. 60ರಷ್ಟು ಮಂದಿ ತಾವು ದಾಖಲೆಗಳಿಗೆ ಬರೆಯುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು.

ಕೊಡುಗೆಯ ವಿಧಾನ

ಪೈಥಾನ್ ಯೋಜನೆಯನ್ನು ಉದಾಹರಣೆಯಾಗಿ ನೋಡಬಹುದು. ಅದರ ದಾಖಲೆಗಳು ಕೋಡ್ ಇರುವ ಭಂಡಾರದಲ್ಲಿಯೇ ಸರಳ ಪಠ್ಯ ಕಡತಗಳಾಗಿ ಇರುತ್ತವೆ. ಗಿಯೋರ್ಗ್ ಬ್ರಾಂಡ್ಲ್ ಮೂಲತಃ ಇದಕ್ಕಾಗಿಯೇ ರಚಿಸಿದ ಸ್ಫಿಂಕ್ಸ್ ಎಂಬ ಸಾಧನವು ಅವನ್ನು ಜಾಲಪುಟಗಳಾಗಿ ಮಾರ್ಪಡಿಸುತ್ತದೆ. ಕೊಡುಗೆದಾರರು ಕಡತದ ಪ್ರತಿಯೊಂದನ್ನು ತಿದ್ದಿ 'ಪುಲ್ ರಿಕ್ವೆಸ್ಟ್' ಕಳುಹಿಸುತ್ತಾರೆ. ಪರಿಶೀಲನೆಯ ನಂತರ ಅದು ಮೂಲದಲ್ಲಿ ಸೇರುತ್ತದೆ. ಕಾಗುಣಿತದ ತಪ್ಪನ್ನು ತಿದ್ದಲು ಮೊದಲೇ ದೂರು ದಾಖಲಿಸಬೇಕಾಗಿಲ್ಲ. ಉದಾಹರಣೆಯ ಕೋಡ್ ನಿಜಕ್ಕೂ ಹೇಳಿದ ಉತ್ತರವನ್ನೇ ಕೊಡುತ್ತದೆಯೇ ಎಂಬುದನ್ನು ಡಾಕ್‌ಟೆಸ್ಟ್ ಎಂಬ ಘಟಕದಿಂದ ಪರೀಕ್ಷಿಸಬಹುದು.

ಈ ಕೆಲಸಕ್ಕೆ ಹೊಸಬರೇ ಹಲವು ವೇಳೆ ಹೆಚ್ಚು ತಕ್ಕವರು. ಅನುಭವಿಗಳು ಅಭ್ಯಾಸಬಲದಿಂದ ಮಾಡುವ ಹೆಜ್ಜೆಯೊಂದು ಬರಹದಲ್ಲಿ ಬಿಟ್ಟುಹೋಗಿದ್ದರೆ, ಅದು ಗೋಚರಿಸುವುದು ಮೊದಲ ಬಾರಿಗೆ ಸೂಚನೆಗಳನ್ನು ಅಕ್ಷರಶಃ ಪಾಲಿಸಿ ಮಧ್ಯದಲ್ಲಿ ನಿಂತವರಿಗೆ. ಎಲ್ಲಿ ನಿಂತೆ, ಪರದೆಯ ಮೇಲೆ ಯಾವ ಸಂದೇಶ ಬಂತು, ಯಾವ ಆವೃತ್ತಿಯನ್ನು ಬಳಸುತ್ತಿದ್ದೆ ಎಂಬ ಟಿಪ್ಪಣಿಯೇ ಉಪಯುಕ್ತ ಕೊಡುಗೆಯಾಗುತ್ತದೆ. ತಪ್ಪು ದಾಖಲೆ ಮಾತ್ರ ದಾಖಲೆಯ ಅಭಾವಕ್ಕಿಂತ ಅಪಾಯಕಾರಿ: ಕಡತಗಳನ್ನು ಅಳಿಸುವ ಆದೇಶವೊಂದರ ವಿವರಣೆ ಹಳತಾಗಿದ್ದರೆ, ಅದನ್ನು ನಂಬಿದವರು ಮಾಹಿತಿಯನ್ನೇ ಕಳೆದುಕೊಳ್ಳಬಹುದು.

ಪರವಾನಗಿ

ಕೋಡ್‌ನಂತೆ ಕೈಪಿಡಿಯನ್ನೂ ತಿದ್ದುವ ಹಕ್ಕು ಇರಬೇಕೆಂಬ ಉದ್ದೇಶದಿಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2000ದಲ್ಲಿ ಗ್ನೂ ಮುಕ್ತ ದಾಖಲೀಕರಣ ಪರವಾನಗಿಯನ್ನು ಪ್ರಕಟಿಸಿತು. ಕೆಲವು ಭಾಗಗಳನ್ನು ತಿದ್ದಬಾರದೆಂದು ಲೇಖಕರು ಗೊತ್ತುಪಡಿಸಲು ಅದರಲ್ಲಿ ಅವಕಾಶವಿದ್ದುದು ವಿವಾದಕ್ಕೆ ಕಾರಣವಾಯಿತು. ಅಂತಹ ಭಾಗಗಳಿರುವ ಕೈಪಿಡಿಗಳು ಮುಕ್ತವಲ್ಲವೆಂದು ಡೆಬಿಯನ್ ಯೋಜನೆಯ ಸದಸ್ಯರು 2006ರಲ್ಲಿ ಮತ ಹಾಕಿ ನಿರ್ಣಯಿಸಿದರು. 2009ರಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ ಬದಲಾಗುವವರೆಗೆ ವಿಕಿಪೀಡಿಯದ ಪಠ್ಯಕ್ಕೂ ಇದೇ ಪರವಾನಗಿ ಅನ್ವಯಿಸುತ್ತಿತ್ತು.